ಬೆನ್ನಿಗೆ ಹೊಲಿದ ಬೆಂಡುಗಳು

ನೋಟಿಸಿನಲ್ಲಿದ್ದುದು ಎರಡೇ ವಾಕ್ಯ. ಮಧ್ಯವಾರ್ಷಿಕ ಪರೀಕ್ಷೆಯ ಮೇಲ್ವಿಚಾರಣೆಯ ಅವಧಿಯಲ್ಲಿ ತಾವು ಕೊಠಡಿಯಲ್ಲಿಯೇ ನಿದ್ರಿಸುತ್ತಿದ್ದುದು ಕಂಡುಬಂದಿರುತ್ತದೆ. ಈ ಕರ್ತವ್ಯಲೋಪಕ್ಕಾಗಿ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಕನ್ನಡ ಶಿಕ್ಷಕಿಯ ಚಾಳಿಯಂತೆ ನಾನು ಮೊದಲು ಅದರಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಆಮೇಲೆ ಕ್ಯಾಲೆಂಡರಿನಲ್ಲಿ ಹದಿನೈದು ದಿನ ಎಣಿಸಿದೆ.

ಹೊನ್ನಾವರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಆಗ ನಾನು ಪ್ರೊಬೇಷನ್ ಅವಧಿಯಲ್ಲಿದ್ದೆ. ಅದು ಮುಗಿಯಲು ಎರಡು ತಿಂಗಳು ಉಳಿದಿತ್ತು. ಖಾಯಂ ಮಾಡುವುದೂ ಬಿಡುವುದೂ ಆಡಳಿತ ಮಂಡಳಿಯ ಕೈಯಲ್ಲಿತ್ತು. ಭಟ್ಕಳದ ಪಕ್ಕದ ತೆಂಗಿನಗುಂಡಿಯ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಪ್ಪ ದೋಣಿಯಲ್ಲಿ ದುಡಿದು, ಮೊಣಕಾಲು ಸೋತ ಮೇಲೆ ದಡದಲ್ಲಿ ಬಲೆ ನೇಯುತ್ತಾನೆ. ಅಮ್ಮ ಬಂದರಿನಲ್ಲಿ ಮೀನು ಕೊಂಡು ಭಟ್ಕಳದ ಪೇಟೆಯಲ್ಲಿ ಕೂತು ಮಾರುತ್ತಾಳೆ. ಇಂಥ ಮನೆಯಿಂದ ಬಂದವಳಿಗೆ ನೌಕರಿ ಎಂದರೆ ಸಂಬಳ ಮಾತ್ರವಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಹತ್ತನೆಯ ತರಗತಿಯ ಆಚೆಗೂ ಓದಿಸಬಹುದು ಎಂಬುದಕ್ಕೆ ನಾನೇ ಸಾಕ್ಷಿಯಾಗಿದ್ದೆ. ಆ ಸಾಕ್ಷಿ ಪರೀಕ್ಷಾ ಕೊಠಡಿಯಲ್ಲಿ ಬಾಯಿ ತೆರೆದು ಮಲಗಿದ್ದಳು.

ನಡೆದುದನ್ನು ನಡೆದಂತೆಯೇ ಹೇಳುತ್ತೇನೆ. ನಿದ್ದೆ ಬರುತ್ತದೆಂಬ ಹೆದರಿಕೆಯಿಂದ ಆ ದಿನ ನಾನು ಕುಳಿತಿರಲಿಲ್ಲ. ಬೆಂಚುಗಳ ಸಾಲಿನ ನಡುವೆ ನಡೆಯುತ್ತಲೇ ಇದ್ದೆ. ಉತ್ತರ ಪತ್ರಿಕೆಗಳಿಗೆ ಸಹಿ ಹಾಕಲೆಂದು ಕುರ್ಚಿಯ ಮೇಲೆ ಕುಳಿತದ್ದು ನೆನಪಿದೆ. ಎರಡನೆಯ ಸಹಿಯಾದದ್ದು ನೆನಪಿಲ್ಲ. ಕಣ್ಣು ತೆರೆದಾಗ ಮುಖ್ಯೋಪಾಧ್ಯಾಯರು ಎದುರಿಗೆ ನಿಂತಿದ್ದರು. ನನ್ನ ಕೈಯಿಂದ ಜಾರಿದ್ದ ಪೆನ್ನನ್ನು ಎತ್ತಿ ಮೇಜಿನ ಮೇಲಿಟ್ಟು, ಹೊರಟುಹೋದರು. ಹಿಂದಿನ ಬೆಂಚಿನಿಂದ ಯಾರೋ, "ಅಕ್ಕೋರ ಗೊರಕೆಗೆ ಫ್ಯಾನೇ ಹೆದ್ರಿತು ಮಾರಾಯ" ಎಂದರು. ಕೊಠಡಿಗೆ ಕೊಠಡಿಯೇ ನಕ್ಕಿತು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಗೊರಕೆಯನ್ನೂ ಗೌರವದಿಂದಲೇ ಹೇಳಿದ್ದಕ್ಕೆ ನಾನು ಯಾರನ್ನೂ ಬೈಯಲಿಲ್ಲ.

ಬಸ್ಸಿನಲ್ಲಿಯೂ ಇದೇ ಕತೆ. ಭಟ್ಕಳದಲ್ಲಿ ಹತ್ತಿದವಳು ಮುರ್ಡೇಶ್ವರ ದಾಟುವಷ್ಟರಲ್ಲಿ ಮಲಗಿರುತ್ತಿದ್ದೆ. ಹೊನ್ನಾವರದಲ್ಲಿ ಇಳಿಯುವುದನ್ನು ಬಿಟ್ಟು ಎರಡು ಬಾರಿ ಕುಮಟಾ ತಲುಪಿದ್ದೇನೆ. ಆಮೇಲೆ ಕಂಡಕ್ಟರರೇ ಶರಾವತಿ ಸೇತುವೆ ಬಂದ ಕೂಡಲೇ ಸೀಟಿನ ಕಂಬಿಯನ್ನು ಟಿಕೆಟ್ ಮಶೀನಿನಿಂದ ಟಕಟಕ ಬಡಿಯತೊಡಗಿದರು. "ಅಕ್ಕೋರೆ, ಹೊಳೆ ಬಂತು, ಏಳಿ. ರಾತ್ರಿ ಎಂತ, ನೀವೂ ಬೋಟಿಗೆ ಹೋಗ್ತ್ರಾ?" ಎಂದು ಅವರು ಕೇಳಿದರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿ ಕುಳಿತ ಹೆಂಗಸರು ಸೆರಗು ಎಳೆದುಕೊಂಡು ಅರ್ಧ ಗೇಣು ಸರಿಯುತ್ತಿದ್ದರು. ದಪ್ಪಗಿರುವವಳು ನಿದ್ದೆ ಮಾಡಿದರೆ ಅದನ್ನು ಯಾರೂ ಆಯಾಸ ಎನ್ನುವುದಿಲ್ಲ. ಸೋಮಾರಿತನ ಎನ್ನುತ್ತಾರೆ. ತೆಳ್ಳಗಿನವಳಾಗಿದ್ದರೆ, ಪಾಪ, ಮನೆಕೆಲಸ ಜಾಸ್ತಿ ಇರಬೇಕು ಎಂದಾರು.

ನೋಟಿಸು ಬಂದ ದಿನ ಮಧ್ಯಾಹ್ನ, ನಮ್ಮ ಶಾಲೆಯ ಹಿಂದಿ ಶಿಕ್ಷಕಿ ನನ್ನನ್ನು ಪ್ರಯೋಗಾಲಯದ ಹಿಂದೆ ಕರೆದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು, ನಾನು ಗೌರವದಿಂದ ಬಾಯೋರು ಎನ್ನುತ್ತಿದ್ದವರು, ನನ್ನಷ್ಟೇ ದೊಡ್ಡ ಮೈಕಟ್ಟಿನವರು. ಊಟದ ಬಿಡುವಿನಲ್ಲಿ ಹಾಜರಿ ಪುಸ್ತಕವನ್ನು ಮುಖದ ಮುಂದೆ ಹಿಡಿದುಕೊಂಡು ಕೂರುವ ಅವರ ಅಭ್ಯಾಸದ ಬಗ್ಗೆ ನಾನು ಅದುವರೆಗೆ ಯೋಚಿಸಿರಲಿಲ್ಲ.

"ಉತ್ತರ ಎಂತ ಬರೀತೀರಿ?" ಎಂದರು.

"ಇನ್ನೂ ಗೊತ್ತಿಲ್ಲ, ಬಾಯೋರೆ."

"ಗೊತ್ತಿರೂದೆಂತ ಇದೆ? ಇದಕ್ಕೊಂದು ನಮೂನೆ ಇದೆ. ಅನಾರೋಗ್ಯದ ನಿಮಿತ್ತ ತಪ್ಪು ಸಂಭವಿಸಿದೆ, ವಿಷಾದಿಸುತ್ತೇನೆ, ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ. ಸಹಿ, ತಾರೀಕು. ಆತು." ಬ್ಯಾಗಿನಿಂದ ಮಡಿಕೆಯಲ್ಲೇ ಹಳದಿಯಾದ ಒಂದು ಕಾಗದ ತೆಗೆದು ಕೊಟ್ಟರು. "ಇದನ್ನೇ ಕಾಪಿ ಮಾಡಿ. ಹೆಸರೊಂದು ಬದ್ಲಿ ಮಾಡಿದ್ರೆ ಸಾಕು."

ನಾನು ಕಾಗದ ಬಿಡಿಸಿದೆ. ಕೆಳಗಿದ್ದ ಸಹಿ ಅವರದೇ ಆಗಿತ್ತು. ವಿಷಯ ಎಂಬಲ್ಲಿ, ಕರ್ತವ್ಯದ ವೇಳೆಯಲ್ಲಿ ನಿದ್ರಿಸಿದ ಬಗ್ಗೆ ಎಂದಿತ್ತು. ನಾನು ತಲೆ ಎತ್ತಿದಾಗ ಅವರು ಕಿಟಕಿಯ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದರು. "ಬರೆದುಕೊಟ್ಟೆ. ಮುಗೀತು. ಮಾನ ಎಂತ, ಎರಡು ದಿನಕ್ಕೆ ವಾಪಸು ಬತ್ತದೆ" ಎಂದರು.

ಆ ಕಾಗದವನ್ನು ನಾನು ಕಾಪಿ ಮಾಡಲು ಕುಳಿತದ್ದು ನಿಜ. ಎರಡು ಸಾಲು ಬರೆದೆ. ತಪ್ಪು ಎಂಬ ಶಬ್ದದ ಹತ್ತಿರ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ಬದುಕಿಡೀ ತಪ್ಪಾಗದಂತೆ ನಡೆದುಕೊಂಡವಳು ನಾನು. ಪೇಟೆಯವರ ಎದುರು ನಮ್ಮ ಕೇರಿಯ ಮಾತು ಬಾಯಿಗೆ ಬಾರದಂತೆ ತುಟಿ ಬಿಗಿಹಿಡಿದು ಕಲಿತವಳು. ಹಾಸ್ಟೆಲಿನ ಊಟದಲ್ಲಿ ಎರಡನೆಯ ಸಲ ಅನ್ನ ಕೇಳಿದರೆ ಯಾರು ಏನೆನ್ನುವರೋ ಎಂದು ಕೇಳದೆ ಎದ್ದವಳು. ಏನು ಮಾಡಿದೆನೆಂದು ತಪ್ಪೊಪ್ಪಿಕೊಳ್ಳಲಿ? ನಾನು ನಿದ್ದೆಯನ್ನು ಕರೆದಿರಲಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ಬೆಳಗ್ಗೆ ಹಣೆ ಸಿಡಿಯುತ್ತಿತ್ತು, ಬಾಯಿ ಒಣಗಿ ಮರದ ಹಲಗೆಯಂತಾಗಿರುತ್ತಿತ್ತು. ಇದಕ್ಕಾಗಿ ಮೂವರು ವೈದ್ಯರ ಬಳಿ ಹೋಗಿದ್ದೆ. ಇಬ್ಬರು ನಾನು ಬಾಗಿಲು ದಾಟಿ ಕುರ್ಚಿಗೆ ಬರುವಷ್ಟರಲ್ಲಿಯೇ ರೋಗವನ್ನು ನಿರ್ಧರಿಸಿದ್ದರು. ಒಬ್ಬರು, "ಮೊದ್ಲು ತೂಕ ಇಳಿಸಿ, ಆಮೇಲೆ ಬನ್ನಿ" ಎಂದರು. ಇನ್ನೊಬ್ಬರು, "ಮನಸ್ಸಿಗೆ ಬೇಜಾರ? ಮದುವೆ ಆಗಿಲ್ವಾ?" ಎಂದರು. ಮೂರನೆಯವರು ಮಾತ್ರ ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, ಈ ವಯಸ್ಸಿಗೆ ಇದು ಹೆಚ್ಚಾಯಿತು ಎಂದು ಕುಮಟಾಕ್ಕೆ ಪ್ರತಿ ಶನಿವಾರ ಬರುವ ಶ್ವಾಸಕೋಶ ತಜ್ಞೆಯೊಬ್ಬರಿಗೆ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ತಿಂಗಳುಗಟ್ಟಲೆ ನನ್ನ ಪರ್ಸಿನಲ್ಲಿತ್ತು. ಇನ್ನೊಮ್ಮೆ ತೂಕದ ಪಾಠ ಕೇಳಲು ಕುಮಟಾದವರೆಗೆ ಏಕೆ ಹೋಗಬೇಕು ಎಂದುಕೊಂಡಿದ್ದೆ.

ನೋಟಿಸು ಬಂದ ವಾರದ ಶನಿವಾರ ಹೋದೆ.

ಆ ವೈದ್ಯೆ ನನ್ನನ್ನು ತೂಗಿಸಿದರು. ಆದರೆ ಅಂಕಿ ನೋಡಿ ಮುಖ ಬದಲಿಸಲಿಲ್ಲ. ಕುತ್ತಿಗೆಯ ಸುತ್ತಳತೆ ತೆಗೆದುಕೊಂಡರು. ಬಾಯಿ ತೆರೆಸಿ ಗಂಟಲು ನೋಡಿದರು. ಬಳಿಕ, ಅದುವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ನೀವು ಮಲಗಿದಾಗ ಪಕ್ಕದಲ್ಲಿ ಯಾರು ಇರ್ತಾರೆ?"

"ಅಮ್ಮ" ಎಂದೆ.

"ಉಸಿರು ನಿಂತದ್ದನ್ನು ಅವರು ನೋಡಿದ್ದಾರಾ?"

"ಹಾಗೇನಿಲ್ಲ. ಇದ್ದಿದ್ದರೆ ಹೇಳುತ್ತಿದ್ದರು."

ಅವರು ನಕ್ಕರು. "ಗಂಡಸರು ಗೊರಕೆ ಹೊಡೆದ್ರೆ ಹೆಂಡ್ತಿ ಕೈಹಿಡಿದು ಇಲ್ಲಿಗೆ ಕರ್ಕೊಂಡು ಬರ್ತಾಳೆ. ಹೆಂಗಸರು ಹೊಡೆದ್ರೆ ಮನೆಯವರೆಲ್ಲ ಸೇರಿ ಮುಚ್ಚಿಡ್ತಾರೆ. ಮುಂದಿನ ವಾರ ಅಮ್ಮನನ್ನು ಕರ್ಕೊಂಡು ಬನ್ನಿ." ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ಕಟ್ಟುವುದು, ಮಿದುಳು ಗಾಬರಿಯಿಂದ ಎಚ್ಚರಿಸುವುದು, ಆದ್ದರಿಂದ ಇಡೀ ರಾತ್ರಿ ಮಲಗಿದವಳು ನಿಜವಾಗಿ ಮಲಗದೇ ಇರುವುದು, ಇಷ್ಟನ್ನೂ ಅವರು ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಇದಕ್ಕೆ ಸ್ಲೀಪ್ ಆಪ್ನಿಯಾ ಎಂಬ ಹೆಸರು. ಸ್ಥೂಲಕಾಯದವರಿಗೆ ಹೆಚ್ಚಾಗಿ ಬರುತ್ತದೆ, ಹೆಂಗಸರಲ್ಲಿ ಅದು ಬರಿಯ ಸುಸ್ತು, ತಲೆನೋವು, ಬೇಸರವೆಂಬಂತೆ ಕಾಣುವುದರಿಂದ ಗುರುತು ಸಿಗುವುದೇ ತಡ ಎಂದರು. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಒಂದು ಸಣ್ಣ ಯಂತ್ರವನ್ನು ಚೀಲದಲ್ಲಿ ಹಾಕಿ ಕೊಟ್ಟರು. ಎದೆಗೆ ಒಂದು ಪಟ್ಟಿ, ಮೂಗಿಗೆ ಒಂದು ನಳಿಗೆ, ಬೆರಳಿಗೆ ಒಂದು ಕ್ಲಿಪ್ಪು.

ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಎಚ್ಚರವಿದ್ದೇ ಭಟ್ಕಳಕ್ಕೆ ಬಂದೆ. ನನ್ನ ಸಮಜಾಯಿಷಿ ಆ ಚೀಲದಲ್ಲಿದೆ ಎಂದೇ ನಂಬಿದ್ದೆ.

ಮುಂದಿನ ಶನಿವಾರ ವರದಿ ಓದಿದ ವೈದ್ಯೆ ಕನ್ನಡಕ ತೆಗೆದರು. ಅಮ್ಮ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಮೀನಿನ ವಾಸನೆ ಬರಬಾರದೆಂದು ಎರಡು ಬಾರಿ ಮಿಂದು, ಮದುವೆಗೆ ಉಡುವ ಸೀರೆ ಉಟ್ಟಿದ್ದಳು.

"ವರದಿಯ ಪ್ರಕಾರ ತೊಂದರೆ ಬಹಳ ಕಡಿಮೆ" ಎಂದರು ವೈದ್ಯೆ.

ಕಡಿಮೆ ಎಂಬ ಮಾತು ಸಂತೋಷ ಕೊಡಬೇಕಾಗಿತ್ತು. ಕೊಡಲಿಲ್ಲ. ರೋಗವಿಲ್ಲವೆಂದರೆ ನಾನು ಸೋಮಾರಿಯೇ. ನೋಟಿಸು ಸರಿಯೇ. ಹಳದಿ ಕಾಗದವನ್ನು ಕಾಪಿ ಮಾಡುವುದೊಂದೇ ದಾರಿ. ಆದರೆ ವೈದ್ಯೆ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಒಂದು ವಿಚಿತ್ರ ಇದೆ. ನೀವು ಅಂಗಾತ ಆದ ಸ್ವಲ್ಪ ಹೊತ್ತಿಗೇ ಪ್ರತಿ ಸಲವೂ ಮಗ್ಗುಲಿಗೆ ತಿರುಗಿದ್ದೀರಿ. ಒಮ್ಮೆಯೂ ತಪ್ಪಿಲ್ಲ. ನಿದ್ದೆಯಲ್ಲಿರುವವರು ಇಷ್ಟು ಲೆಕ್ಕದಲ್ಲಿ ಹೊರಳೂದಿಲ್ಲ." ಅವರು ಅಮ್ಮನ ಕಡೆ ತಿರುಗಿದರು. "ಅಮ್ಮ, ನೀವು ಏನಾದ್ರೂ ಮಾಡಿದ್ರಾ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಎಂತ ಮಾಡ್ಲಿ? ಎಂಜಿನ್ ಬಂದಾದ್ರೆ ಕೈ ಸುಮ್ನಿರ್ತದಾ?"

"ಯಾವ ಎಂಜಿನ್?"

"ಇದ್ರದ್ದೇ" ಎಂದು ಅಮ್ಮ ಗಲ್ಲದಿಂದ ನನ್ನನ್ನು ತೋರಿಸಿದಳು. "ಗುರ್ ಗುರ್ ಅಂತಿರ್ತದೆ. ಅಂತಿದ್ದದ್ದು ಗಪ್ಪನೆ ನಿಲ್ತದೆ. ನಿಂತ್ರೆ ತಿರುಗಿಸ್ತೆ. ಮತ್ತೆ ಹಿಡೀತದೆ. ದಿನಾ ಮಾಡೂದೆ."

"ಎಷ್ಟು ದಿನದಿಂದ?"

"ದಿನ ಎಲ್ಲಿ? ಇದು ಎಂಟನೇತ್ತಿಗೆ ಹೋಪಾಗಿಂದ."

ದೋಣಿಗೆ ಗಂಡನನ್ನು ಕಳಿಸಿದ ಹೆಂಗಸಿಗೆ ಎಂಜಿನಿನ ಸದ್ದು ಏನೆಂಬುದನ್ನು ಇಲ್ಲಿ ಹೇಳಬೇಕು. ಅಪ್ಪನ ಬೋಟು ಅಳಿವೆಗೆ ಬರುವ ಮೊದಲೇ ಅಮ್ಮನಿಗೆ ಅದರ ಸದ್ದು ತಿಳಿಯುತ್ತಿತ್ತು. ಹತ್ತು ಬೋಟುಗಳ ನಡುವೆ ಅದೊಂದನ್ನು ಹೆಕ್ಕಿ, ಅಕ್ಕಿ ತೊಳೆಯಲು ಏಳುತ್ತಿದ್ದಳು. ಸದ್ದು ಇದ್ದರೆ ಸಮಾಧಾನ. ಸದ್ದು ನಡುವಿನಲ್ಲಿ ನಿಂತರೆ ಕೇರಿಯ ಹೆಂಗಸರೆಲ್ಲ ಮಾತಾಡದೆ ಹೊರಗೆ ಬಂದು ನಿಲ್ಲುತ್ತಿದ್ದರು. ಎಂತಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡಬಾರದು, ಆಡಿದರೆ ಅದಕ್ಕೆ ದಾರಿ ತೋರಿಸಿದ ಹಾಗೆ. ಬೋಟು ಮುಳುಗಿತು ಎನ್ನುವುದಿಲ್ಲ, ಬರುವುದು ತಡವಾಯಿತು ಎನ್ನುತ್ತಾರೆ.

ಇದೇ ಕಾರಣಕ್ಕೆ ಅಮ್ಮ ನನಗೂ ಹೇಳಿರಲಿಲ್ಲ. ನಿನ್ನ ಉಸಿರು ನಿಲ್ಲುತ್ತದೆ ಎಂದು ತಾಯಿಯೇ ಬಾಯಿಂದ ಹೇಳಬಾರದು. ಹಾಗಾಗಿ ಆಕೆ ಬೆಂಡು ಹೊಲಿದಳು.

ಬೆಂಡು ಎಂದರೆ ಬಲೆ ಮುಳುಗದಂತೆ ಅದರ ಮೇಲಂಚಿಗೆ ಪೋಣಿಸುವ, ಕೋಳಿಮೊಟ್ಟೆಯ ಗಾತ್ರದ ಗಟ್ಟಿ ತೇಲುಗುಂಡು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಮ್ಮ ಅಪ್ಪನ ಹಳೆಯ ಬಲೆಯಿಂದ ನಾಲ್ಕು ಬೆಂಡು ಬಿಚ್ಚಿ, ನನ್ನ ರಾತ್ರಿಯುಡುಪಿನ ಬೆನ್ನಿಗೆ ಚೌಕ ಜೇಬು ಹಚ್ಚಿ ಒಳಗಿಟ್ಟು ಹೊಲಿದುಬಿಟ್ಟಳು. ಎಂತಕ್ಕೆ ಎಂದರೆ, "ದೃಷ್ಟಿಗೆ" ಎಂದಳು. ಅಂಗಾತ ಮಲಗಿದರೆ ಅವು ಬೆನ್ನಿಗೆ ಒತ್ತುತ್ತಿದ್ದವು, ನಿದ್ದೆಗಣ್ಣಿನಲ್ಲೇ ನಾನು ಮಗ್ಗುಲಾಗುತ್ತಿದ್ದೆ. ಆ ಐದು ವರ್ಷ ನಾನು ತರಗತಿಗೆ ಮೊದಲಿಗಳಾಗಿದ್ದೆ. ಎರಡನ್ನೂ ಒಟ್ಟಿಗಿಟ್ಟು ನೋಡುವ ಬುದ್ಧಿ ನನಗೆ ಬಂದದ್ದು ಕುಮಟಾದ ಆ ಕೋಣೆಯಲ್ಲಿ.

ಏಕೆಂದರೆ ಬೆಂಡು ಕಿತ್ತೆಸೆದವಳು ನಾನೇ. ಪದವಿಗೆಂದು ಕುಮಟಾದ ಹಾಸ್ಟೆಲ್ ಸೇರಿದ ಮೊದಲ ವಾರ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಬಟ್ಟೆಯನ್ನು ಮುಟ್ಟಿ ಒಬ್ಬಳು, "ಇದೆಂತದೇ, ಗೂನು ಇಟ್ಟು ಹೊಲಿಸಿದ್ಯಾ?" ಎಂದು ನಕ್ಕಳು. ಆ ಸಂಜೆಯೇ ಬ್ಲೇಡಿನಿಂದ ಹೊಲಿಗೆ ಬಿಡಿಸಿದೆ. ರಜೆಗೆ ಮನೆಗೆ ಬಂದಾಗ ಅಮ್ಮನಿಗೆ ಮೂಢನಂಬಿಕೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಅದನ್ನು ನಾನು ಬಹಳ ಶುದ್ಧವಾದ ಕನ್ನಡದಲ್ಲಿ ಕೊಟ್ಟೆನೆಂಬುದೂ ನೆನಪಿದೆ. ವೈಜ್ಞಾನಿಕ ಮನೋಭಾವ ಎಂದೆ. ಅಮ್ಮ ಬಂಗುಡೆಯ ಹೊಟ್ಟೆ ಸೀಳುತ್ತ ಎಲ್ಲವನ್ನೂ ಕೇಳಿ, "ಆತು ಮಗಾ" ಎಂದಳು. ಮತ್ತೆ ಹೊಲಿಯಲಿಲ್ಲ. ನಾನು ನೌಕರಿ ಸಿಕ್ಕಿ ಮನೆಗೆ ಮರಳಿದ ಮೇಲೆ ಬೆಂಡಿನ ಕೆಲಸವನ್ನು ತನ್ನ ಕೈಯಿಂದಲೇ ಮಾಡುತ್ತಿದ್ದಳು. ಆದರೆ ಹಗಲಿಡೀ ದುಡಿದ ಆ ಕೈ ಹೆಚ್ಚಿನ ರಾತ್ರಿ ಅರ್ಧದಲ್ಲೇ ಸೋತು ಮಲಗುತ್ತಿತ್ತು, ಯಂತ್ರ ಕಟ್ಟಿದ ರಾತ್ರಿ ಮಾತ್ರ ಬೆಳಗಿನವರೆಗೆ ಎಚ್ಚರವಿತ್ತು. ಪದವಿಯ ಎರಡನೆಯ ವರ್ಷ ನನ್ನ ಅಂಕಗಳು ಏಕೆ ಕುಸಿದವೆಂದು ನಾನು ನನ್ನನ್ನೇ ಎಷ್ಟು ಬೈದುಕೊಂಡಿದ್ದೆನೋ!

ವೈದ್ಯೆ ಬೆಂಡಿನ ವಿಷಯವನ್ನೂ ಅಮ್ಮನ ಬಾಯಿಂದಲೇ ಕೇಳಿ ಬರೆದುಕೊಂಡರು. ಅನಂತರ, "ಅಮ್ಮ, ನಿಮಗೆ ಇದು ಯಾರು ಕಲಿಸಿದ್ದು? ನಾವೂ ಕೆಲವರಿಗೆ ಬೆನ್ನಿಗೆ ಚೆಂಡು ಕಟ್ಟಿಕೊಂಡು ಮಲಗಿ ಅಂತ ಹೇಳ್ತೇವೆ" ಎಂದರು.

"ಯಾರೂ ಇಲ್ಲ. ನನ್ನ ಅಮ್ಮ ಹೋದ್ದು ಹಂಗೇ" ಎಂದಳು ಅಮ್ಮ. ದನಿ ಇಳಿದಿತ್ತು. "ನಾ ಪಕ್ಕದಲ್ಲೇ ಮಲಗಿದ್ದೆ. ಗೊರಕೆ ನಿಂತ್ತು. ಸದ್ಯ, ಇವತ್ತಾದ್ರೂ ಚಂದಕ್ಕೆ ನಿದ್ದೆ ಬಂತು, ಏಳ್ಸೂದು ಬೇಡ ಅಂದ್ಕಂಡೆ. ಊರವ್ರೆಲ್ಲ ಪುಣ್ಯದ ಸಾವು ಅಂದ್ರು. ನಾ ಎಂತ ಹೇಳ್ಲಿ?"

ಅಜ್ಜಿಯ ಸಾವನ್ನು ನಾನೂ ಪುಣ್ಯದ ಸಾವೆಂದೇ ಕೇಳಿ ಬೆಳೆದಿದ್ದೆ. ನಿದ್ದೆಯಲ್ಲೇ ಹೋದಳು, ಯಾರಿಗೂ ಹೊರೆಯಾಗಲಿಲ್ಲ, ಅಷ್ಟು ದೊಡ್ಡ ದೇಹ ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ ಎನ್ನುತ್ತಿದ್ದರು. ಆ ಪುಣ್ಯದ ಒಳಗೆ ಅಮ್ಮ ಇಷ್ಟು ವರ್ಷ ಒಬ್ಬಳೇ ಕೂತಿದ್ದಳು.

ಅಳಲು ನನಗೆ ಸಮಯವಿರಲಿಲ್ಲ. ನೋಟಿಸಿನ ಗಡುವಿಗೆ ಐದು ದಿನವಿತ್ತು. ವೈದ್ಯೆ ಯಂತ್ರವನ್ನು ಇನ್ನೊಮ್ಮೆ ಕೊಟ್ಟು, "ಈ ಸಲ ಯಾರೂ ಮುಟ್ಟಬಾರದು" ಎಂದರು. ಅಮ್ಮ ಒಪ್ಪಿದಳು. ಆದರೆ ಆ ಸಂಜೆ ಚಾಪೆ ಸುತ್ತಿಕೊಂಡು ಪಕ್ಕದ ಮನೆಗೆ ಹೊರಟಳು. "ನಾ ಇಲ್ಲಿದ್ರೆ ಕೈ ಕೇಳೂದಿಲ್ಲ, ತಿರುಗಿಸ್ತದೆ" ಎಂದಳು. ಬಾಗಿಲಲ್ಲಿ ನಿಂತು ಅಪ್ಪನಿಗೆ, "ಬೆಳಗಾಪಾಗ ಹೋಗಿ ನೋಡಿ" ಎಂದಳು. ಏನನ್ನು ನೋಡಬೇಕೆಂದು ಹೇಳಲಿಲ್ಲ. ಬೆಳಗ್ಗೆ ನಾನು ಕಣ್ಣು ತೆರೆದಾಗ ಅಪ್ಪ ಹಾಸಿಗೆಯ ಪಕ್ಕದಲ್ಲಿ ಬಲೆಯ ಸೂಜಿ ಹಿಡಿದುಕೊಂಡು ಕುಳಿತಿದ್ದ. ಮುಂದೆ ಬಲೆ ಇರಲಿಲ್ಲ.

ಮಂಗಳವಾರ ಮೊಬೈಲಿಗೆ ವರದಿ ಬಂತು. ತೀವ್ರ ಎಂದಿತ್ತು. ಅಂಕಿಗಳ ಕೆಳಗೆ ವೈದ್ಯೆ ಸ್ವತಃ ಒಂದು ಸಾಲು ಸೇರಿಸಿದ್ದರು. ಹಗಲು ನಿದ್ದೆ ಬರುವುದು ಈ ಕಾಯಿಲೆಯ ಲಕ್ಷಣ. ರೋಗಿಯ ಇಚ್ಛೆಗೆ ಒಳಪಟ್ಟದ್ದಲ್ಲ. ರಾತ್ರಿ ಮುಖವಾಡದ ಮೂಲಕ ಗಂಟಲಿಗೆ ಗಾಳಿ ಒತ್ತುವ ಯಂತ್ರವನ್ನು ಕೂಡಲೇ ಬಳಸಬೇಕೆಂದೂ ಬರೆದಿದ್ದರು.

ಸಮಜಾಯಿಷಿಯನ್ನು ಒಂದೇ ಬಾರಿಗೆ ಬರೆದೆ. ನಾನು ಸಾಮಾನ್ಯವಾಗಿ ರಜಾ ಅರ್ಜಿಯನ್ನೂ ಮೂರು ಬಾರಿ ತಿದ್ದುವವಳು. ಪರೀಕ್ಷಾ ಕೊಠಡಿಯಲ್ಲಿ ನಾನು ನಿದ್ರಿಸಿದ್ದು ನಿಜ. ಅದು ಕಾಯಿಲೆಯ ಲಕ್ಷಣವಾಗಿದ್ದು, ವೈದ್ಯಕೀಯ ವರದಿಯನ್ನು ಲಗತ್ತಿಸಿದ್ದೇನೆ. ಚಿಕಿತ್ಸೆ ಆರಂಭಿಸುತ್ತಿದ್ದೇನೆ. ಚಿಕಿತ್ಸೆ ಫಲ ಕೊಡುವವರೆಗೆ ಮೇಲ್ವಿಚಾರಣೆಯ ಕೆಲಸದಲ್ಲಿ ನನ್ನ ಜೊತೆಗೆ ಮತ್ತೊಬ್ಬರನ್ನು ನಿಯೋಜಿಸಬೇಕೆಂದು ಕೋರುತ್ತೇನೆ. ಇದನ್ನು ಕರ್ತವ್ಯಲೋಪವೆಂದು ನಾನು ಒಪ್ಪುವುದಿಲ್ಲ. ಕೊನೆಯ ವಾಕ್ಯವನ್ನು ಎರಡು ಬಾರಿ ಓದಿದೆ. ಅಳಿಸಲಿಲ್ಲ.

ಆಡಳಿತ ಮಂಡಳಿಯ ಸಭೆಗೆ ನನ್ನನ್ನು ಕರೆದರು. ಅಧ್ಯಕ್ಷರು ವಯಸ್ಸಾದವರು, ಒಳ್ಳೆಯವರೆಂದೇ ಹೆಸರು. ಕಾಗದವನ್ನು ಮಡಚಿ ಗಾಳಿ ಹಾಕಿಕೊಳ್ಳುತ್ತ ಮಾತಾಡಿದರು.

"ಅಕ್ಕೋರೆ, ನೀವು ಪಾಠ ಚಂದ ಮಾಡ್ತ್ರಿ ಅಂತ ಎಲ್ಲರೂ ಹೇಳ್ತಾರೆ. ತಪ್ಪಾತು ಅಂತ ಒಂದು ಮಾತು ಸೇರಿಸಿ. ಇಲ್ಲಿಗೇ ಮುಗಿಸುವಾ."

"ತಪ್ಪು ಮಾಡಿದ್ದರೆ ಸೇರಿಸುತ್ತಿದ್ದೆ, ಸರ್."

"ಮಲಗಿದ್ದು ಹೌದಲ್ಲ?"

"ಹೌದು. ಮುಖ್ಯೋಪಾಧ್ಯಾಯರು ಕಳೆದ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಸಕ್ಕರೆ ಇಳಿದು ಕುಸಿದುಬಿದ್ದರು. ಅವರಿಂದ ಯಾರೂ ಸಮಜಾಯಿಷಿ ಕೇಳಲಿಲ್ಲ. ನಾವೆಲ್ಲ ಬೆಲ್ಲ ತರಲು ಓಡಿದೆವು."

ಗಾಳಿ ಹಾಕಿಕೊಳ್ಳುತ್ತಿದ್ದ ಕಾಗದ ನಿಂತಿತು. ಮುಖ್ಯೋಪಾಧ್ಯಾಯರು ಗಂಟಲು ಸರಿಪಡಿಸಿಕೊಂಡರು. ಅವರನ್ನು ಅವಮಾನಿಸುವ ಉದ್ದೇಶ ನನಗಿರಲಿಲ್ಲ, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಉದ್ದೇಶವೂ ಇರಲಿಲ್ಲ.

ಮೂಲೆಯಲ್ಲಿದ್ದ ಒಬ್ಬ ಸದಸ್ಯರು, "ಅದು ಶುಗರ್, ಬೇರೆ. ಇದು ತೂಕದ್ದಲ್ವಾ? ನೀವು ಬಾಯಿ ಕಟ್ಟಿದ್ರೆ ತನ್ನಿಂದ ತಾನೇ ಹೋಗ್ತದಪ್ಪ" ಎಂದರು.

ಈ ಮಾತಿಗಾಗಿ ನಾನು ಹತ್ತು ವರ್ಷಗಳಿಂದ ಕಾಯುತ್ತಿದ್ದೆನೋ ಏನೋ. "ತೂಕ ಇಳಿಸುವುದು ನನ್ನ ಚಿಕಿತ್ಸೆಯ ಒಂದು ಭಾಗ, ಸರ್. ವೈದ್ಯರು ಹೇಳಿದ್ದಾರೆ, ಪ್ರಯತ್ನಿಸುತ್ತೇನೆ. ಆದರೆ ಅದನ್ನು ಪ್ರಾಯಶ್ಚಿತ್ತವೆಂದು ಮಾಡುವುದಿಲ್ಲ. ತೂಕ ಇಳಿಯುವವರೆಗೆ ನಾನು ಉಸಿರಾಡಬೇಕು. ಅದಕ್ಕೆ ಮಂಡಳಿಯ ಅನುಮತಿ ಬೇಕೆಂದು ನಿಯಮಾವಳಿಯಲ್ಲಿ ಇಲ್ಲ."

ಅಧ್ಯಕ್ಷರು ಮಡಚಿದ ಕಾಗದವನ್ನು ಬಿಡಿಸಿ ಕಡತದೊಳಗಿಟ್ಟರು. ಹೊರಗೆ ಬಂದವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಷ್ಟೊಂದು ಮಾತಾಡಬಾರದಿತ್ತೇ ಎಂದು ರಾತ್ರಿಯಿಡೀ ಕೊರಗುವ ಜಾತಿ ನನ್ನದು. ಆದರೆ ಅಂದು ರಾತ್ರಿ ಬಾಡಿಗೆಗೆ ತಂದ ಗಾಳಿಯ ಯಂತ್ರವನ್ನು ಮೊದಲ ಬಾರಿಗೆ ಮುಖಕ್ಕೆ ಕಟ್ಟಿಕೊಂಡೆ. ಕೊರಗಲು ಪುರುಸೊತ್ತಾಗುವ ಮುಂಚೆಯೇ ಬೆಳಗಾಗಿತ್ತು. ಹಣೆ ನೋಯುತ್ತಿರಲಿಲ್ಲ. ಪಕ್ಕದಲ್ಲಿ ಅಮ್ಮ ಕೆಂಪು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. "ಒಂದು ಸಲಾನೂ ನಿಲ್ಲಲಿಲ್ಲ. ಅಭ್ಯಾಸ ತಪ್ಪಿ ನಂಗೇ ನಿದ್ದೆ ಬರ್ಲಿಲ್ಲ" ಎಂದು ದೂರಿದಳು.

ಮುಖವಾಡದ ವಿಷಯದಲ್ಲಿ ಕೇರಿ ಸುಮ್ಮನಿರಲಿಲ್ಲ. ಮದುವೆಯಾಗದ ಹೆಣ್ಣು ಸೊಂಡಿಲು ಕಟ್ಟಿಕೊಂಡು ಮಲಗುತ್ತದಂತೆ ಎಂಬ ಸುದ್ದಿ ಮೂರು ದಿನದಲ್ಲಿ ಮೀನುಪೇಟೆ ಮುಟ್ಟಿತು. ಅಲ್ಲಿ ಅಮ್ಮನನ್ನೇ ಕೇಳಿದರಂತೆ. "ಹೌದು, ಇದೆ. ಬಂದು ನೋಡಿ, ಟಿಕೆಟ್ ಇಲ್ಲ" ಎಂದಳಂತೆ. ಕೆಟ್ಟದ್ದನ್ನು ಬಾಯಿಬಿಟ್ಟು ಆಡದವಳು ಅಷ್ಟು ಆಡಿದ್ದೇ ದೊಡ್ಡದು.

ಮಂಡಳಿಯ ಆದೇಶ ಎರಡು ವಾರಗಳ ಮೇಲೆ ಬಂತು. ನನ್ನ ಸಮಜಾಯಿಷಿಯನ್ನು ಒಪ್ಪಿ, ಎಚ್ಚರಿಕೆ ನೀಡಿ, ಪ್ರಕರಣ ಮುಗಿಸಲಾಗಿದೆ ಎಂದಿತ್ತು. ಎಚ್ಚರಿಕೆ ಯಾವುದಕ್ಕೆ? ಗುಮಾಸ್ತರು ಸ್ವೀಕೃತಿಗೆ ಪೆನ್ನು ಚಾಚಿದರು. ನಾನು ಸಹಿ ಹಾಕಲಿಲ್ಲ. ಎಚ್ಚರಿಕೆಯನ್ನು ಕೈಬಿಡುವವರೆಗೆ ಸ್ವೀಕರಿಸಲಾರೆ ಎಂದು ಅದೇ ಕಾಗದದ ಹಿಂದೆ ಬರೆದು ವಾಪಸು ಕೊಟ್ಟೆ. ನನ್ನ ಸೇವಾ ಪುಸ್ತಕದಲ್ಲಿ ಉಳಿಯುವ ಆ ಒಂದು ಶಬ್ದವನ್ನು ನಾಳೆ ಯಾರಾದರೂ ಓದಿದರೆ, ಹಿಂದಿ ಬಾಯೋರ ಹಳದಿ ಕಾಗದಕ್ಕೂ ನನ್ನದಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಇಪ್ಪತ್ತು ದಿನ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನೂ ನಿದ್ದೆ ಮಾಡಲಿಲ್ಲ, ಅಂದರೆ ಹಗಲಲ್ಲಿ. ಪ್ರೊಬೇಷನ್ ಮುಗಿಯಲು ಒಂದು ವಾರವಿರುವಾಗ ಹೊಸ ಆದೇಶ ಬಂತು. ಎಚ್ಚರಿಕೆ ಇರಲಿಲ್ಲ. ಅದರ ಜೊತೆಗೆ ಸೇವೆ ಖಾಯಂ ಮಾಡಿದ ಪತ್ರವೂ ಇತ್ತು. ಮುಖ್ಯೋಪಾಧ್ಯಾಯರು ಎರಡನ್ನೂ ಕೈಗಿಟ್ಟು, "ನೀವು ಭಾರೀ ಹಟದವ್ರು" ಎಂದರು. ನಾನು ವಂದಿಸಿದೆ. ಅಲ್ಲಗಳೆಯಲಿಲ್ಲ.

ಆ ಸಂಜೆ ಹಿಂದಿ ಬಾಯೋರು ನನ್ನ ಜೊತೆಗೆ ಬಸ್‌ಸ್ಟ್ಯಾಂಡಿನವರೆಗೆ ಬಂದರು. ದಾರಿಯುದ್ದಕ್ಕೂ ಪರೀಕ್ಷಾ ವೇಳಾಪಟ್ಟಿಯ ಮಾತಾಡಿದರು. ಬಸ್ಸು ಬಂದ ಮೇಲೆ, ಯಾರೋ ಬೇರೆಯವರಿಗಾಗಿ ಎನ್ನುವಂತೆ ಕೇಳಿದರು. "ಆ ಡಾಕ್ಟ್ರು ಶನಿವಾರ ಎಷ್ಟು ಗಂಟೆಗೆ ಬಪ್ದು?"

"ಹತ್ತಕ್ಕೆ. ನಾನೂ ಬರುತ್ತೇನೆ. ಅಮ್ಮನ ಹೆಸರನ್ನೂ ಬರೆಸಿದ್ದೇನೆ" ಎಂದೆ.

ಅಮ್ಮನ ಹೆಸರು ಬರೆಸಿದ್ದು ಅಮ್ಮನನ್ನು ಕೇಳದೆಯೇ. ಮೀನುಬುಟ್ಟಿಯ ಹಿಂದೆ ಕುಳಿತಲ್ಲೇ ತೂಕಡಿಸುವ ಅವಳನ್ನು ಕಂಡು ಪೇಟೆ ಇಷ್ಟು ವರ್ಷ ನಗೆಯಾಡಿತ್ತು. "ಬಾಯಿ ಮಲಗ್ಯಾಳೆ, ಕಾಣೆ ಮೀನು ಎತ್ಕಂಡು ಓಡುವಾ" ಎಂಬ ತಮಾಷೆಗೆ ನಾನೂ ನಕ್ಕಿದ್ದೆ. ನನ್ನ ಉಸಿರು ಕಾಯುತ್ತ ನಿದ್ದೆಗೆಟ್ಟಿದ್ದರಿಂದ ಹೀಗೆ ಎಂದು ಈಚೆಗೆ ಸಮಾಧಾನ ಮಾಡಿಕೊಂಡಿದ್ದೆ. ಆದರೆ ನನ್ನ ಯಂತ್ರ ಬಂದು ತಿಂಗಳು ದಾಟಿದರೂ ಅವಳ ತೂಕಡಿಕೆ ನಿಂತಿರಲಿಲ್ಲ. "ನಂಗೆಂತ ಆಗಿದೆ? ಮೀನು ಮಾರೂದಕ್ಕೆ ನೋಟಿಸು ಯಾರು ಕೊಡ್ತಾರೆ?" ಎಂದು ಗೊಣಗುತ್ತಲೇ ಶನಿವಾರ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಹಳೆಯ ಕಂಡಕ್ಟರರೇ ಇದ್ದರು. "ಅಕ್ಕೋರೆ, ಇದೆಂತ, ಎಚ್ಚರ ಇದ್ರಿ! ಮೈಯಲ್ಲಿ ಹುಶಾರಿಲ್ವಾ?" ಎಂದು ನಕ್ಕರು. ಮಂಕಿ ದಾಟುವಾಗ ಅಮ್ಮನ ತಲೆ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು, ಸದ್ದು ಶುರುವಾಯಿತು. ಮುಂದಿನ ಸೀಟಿನ ಇಬ್ಬರು ಹುಡುಗಿಯರು ತಿರುಗಿ ನೋಡಿ, ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡರು. ನಾನು ಅವರನ್ನೇ ನೋಡಿದೆ, ಅವರು ಮುಂದಕ್ಕೆ ತಿರುಗುವವರೆಗೂ ನೋಡಿದೆ. ಆಗ ಸದ್ದು ಗಪ್ಪನೆ ನಿಂತಿತು.

ಬಸ್ಸಿನ ಎಂಜಿನ್ ಅರಚುತ್ತಲೇ ಇತ್ತು. ಆದರೂ ನಿಂತ ಆ ಒಂದು ಸದ್ದು ನನಗೆ ಕೇಳಿಸಿತು. ಅಮ್ಮನ ಎದೆ ಏಳಲಿಲ್ಲ. ನನ್ನ ಕೈ ನನ್ನನ್ನು ಕೇಳದೆ ಹೋಗಿ ಅವಳ ಭುಜವನ್ನು ಹಿಡಿದು ಅಲುಗಿಸಿತು. ಅಮ್ಮ ದೊಡ್ಡದಾಗಿ ಉಸಿರೆಳೆದು ಕಣ್ಣು ತೆರೆದಳು.

"ಎಂತಕ್ಕೆ ಎಬ್ಸಿದೆ?"

ಸುತ್ತ ಜನರಿದ್ದರು. ಹಿಂದಿ ಬಾಯೋರು ಹೊನ್ನಾವರದಲ್ಲಿ ಹತ್ತುವವರಿದ್ದರು, ಸೇತುವೆ ಇನ್ನೂ ಬಂದಿರಲಿಲ್ಲ.

"ನಿನ್ನ ಉಸಿರು ನಿಂತಿತ್ತು, ಅಮ್ಮ" ಎಂದೆ. ಮುಂದಿನ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ ಎಂದೆ.